ದೇವಾಲಯದ ಮಾಡೂ ಸಭೆಯ ಲೆಕ್ಕವೂ

ಶಾಲೆಯ ಸ್ಮರಣ ಸಂಚಿಕೆಗೆ ಮುಖ್ಯೋಪಾಧ್ಯಾಯಿನಿಯಾದವಳು ಏನನ್ನಾದರೂ ಬರೆಯಲೇಬೇಕೆಂದು ಸಂಪಾದಕ ಮಂಡಳಿಯವರು ಕೇಳಿಕೊಂಡಾಗ, ಸ್ತ್ರೀವಿದ್ಯೆಯ ಮಹತ್ವವನ್ನೋ ಶಿಸ್ತಿನ ಅಗತ್ಯವನ್ನೋ ಕುರಿತು ನಾಲ್ಕು ಮಾತು ಬರೆಯುವೆನೆಂದು ಅವರು ಎಣಿಸಿದ್ದಿರಬೇಕು. ಆ ವಿಷಯಗಳ ಮೇಲೆ ನನಗಿಂತ ಹಿರಿಯರು ಹಿಂದಿನ ಸಂಚಿಕೆಗಳಲ್ಲಿ ಬೇಕಾದಷ್ಟು ಬರೆದಿದ್ದಾರೆ. ನಾನು ಈ ಸಾರಿ ಆರಿಸಿಕೊಂಡಿರುವ ವಿಷಯವು ಮೇಲ್ನೋಟಕ್ಕೆ ಶಾಲೆಗೆ ಸಂಬಂಧಪಟ್ಟದ್ದಲ್ಲ. ಓದುವುದಕ್ಕೆ ಅಷ್ಟೇನೂ ರುಚಿಕರವಾದದ್ದೂ ಅಲ್ಲ. ಊರಿನ ಸಭೆಯ ಹಣವನ್ನು ಹೇಗೆ ಕೂಡಿಸಬೇಕು, ಹೇಗೆ ಎಣಿಸಬೇಕು, ಆ ಹಣದಿಂದ ದೇವಾಲಯದ ಕಟ್ಟಡವನ್ನು ಹೇಗೆ ಕಾಪಾಡಬೇಕು ಎಂಬುದೇ ಆ ವಿಷಯ.

ನಮ್ಮ ಶಾಲೆಯ ಗೋಡೆಗೂ ದೇವಾಲಯದ ಗೋಡೆಗೂ ನಡುವೆ ಇರುವುದು ಒಂದು ಅಂಗಳ ಮಾತ್ರ. ಹಳೆಯ ವಿದ್ಯಾರ್ಥಿನಿಯರಲ್ಲಿ ಯಾರಿಗೂ ಆ ಅಂಗಳವನ್ನು ನಾನು ವರ್ಣಿಸಬೇಕಾಗಿಲ್ಲ. ಶುಕ್ರವಾರದ ಪ್ರಾರ್ಥನೆಗೆ ಸಾಲಾಗಿ ಹೋದದ್ದು, ಮಳೆಗಾಲದಲ್ಲಿ ಕೊಡೆಗಳನ್ನು ಬಾಗಿಲ ಬಳಿ ಒರಗಿಸಿ ಒದ್ದೆ ಕಾಲಿನಿಂದ ಬೆಂಚುಗಳ ಮೇಲೆ ಕುಳಿತದ್ದು, ಕ್ರೈಸ್ತರಲ್ಲದ ಮನೆಗಳಿಂದ ಬಂದವರಿಗೂ ನೆನಪಿರಬೇಕು. ಆದಕಾರಣ ಈ ಕಟ್ಟಡವು ಸಭೆಯವರದ್ದು ಮಾತ್ರವಲ್ಲ; ನಿಮ್ಮ ಬಾಲ್ಯದ ಒಂದು ಭಾಗವೂ ಆಗಿದೆಯೆಂದು ತಿಳಿದು ಬರೆಯುತ್ತಿದ್ದೇನೆ.

ಮೊದಲು ನನ್ನ ತಪ್ಪೊಂದನ್ನು ಒಪ್ಪಿಕೊಳ್ಳುತ್ತೇನೆ. ಕೆಲವು ವರ್ಷಗಳ ಕೆಳಗೆ ಶಾಲೆಯ ಪ್ರತಿನಿಧಿಯಾಗಿ ಸಭಾ ಪಂಚಾಯತಿಯಲ್ಲಿ ಕುಳಿತಿದ್ದೆ. ಆಗ ಉದಾರಿಗಳೊಬ್ಬರು ದೇವಾಲಯಕ್ಕೆ ದೊಡ್ಡ ಮೊತ್ತವನ್ನು ಕೊಡುವುದಾಗಿ ಹೇಳಿದರು. ಆ ಹಣದಿಂದ ನೆಲಕ್ಕೆ ಹೊಳೆಯುವ ಹಾಸುಗಳನ್ನು ಹಾಕಿಸಬೇಕು, ಮಾಡಿನ ಕೆಳಗೆ ಬಿಳಿಯ ಹಲಗೆಗಳ ಮುಚ್ಚಿಗೆಯನ್ನು ಕಟ್ಟಿಸಬೇಕು, ಬಾಗಿಲ ಬಳಿ ಹೆಸರಿನ ಕಲ್ಲನ್ನು ಇಡಬೇಕು ಎಂಬುದು ಅವರ ಇಷ್ಟ. ಸಭೆಯಲ್ಲಿ ಬಡಗಿ ಕೆಲಸ ಬಲ್ಲ ಹಿರಿಯರೊಬ್ಬರು ಎದ್ದು, ಮುಚ್ಚಿಗೆ ಕಟ್ಟುವುದಕ್ಕೆ ಮೊದಲು ಹಂಚುಗಳನ್ನು ಇಳಿಸಿ ಪಕ್ಕಾಸುಗಳನ್ನು ಒಮ್ಮೆ ನೋಡೋಣವೆಂದರು. ಅದಕ್ಕೆ ಹೆಚ್ಚು ಹಣವೂ ಎರಡು ತಿಂಗಳ ಸಮಯವೂ ಬೇಕಾಗಿತ್ತು, ಕ್ರಿಸ್ಮಸ್ ಹತ್ತಿರವಾಗಿತ್ತು. ಕೊಡುವವರ ಮನಸ್ಸನ್ನು ಏಕೆ ನೋಯಿಸಬೇಕೆಂದು ಹೇಳಿದವರಲ್ಲಿ ನಾನೂ ಒಬ್ಬಳು. ಕೈಯೆತ್ತಿ ಒಪ್ಪಿಗೆ ಕೊಟ್ಟೆ.

ಕಟ್ಟಡವು ಬಹು ಸುಂದರವಾಗಿ ಕಂಡಿತು. ಹಿಂದೆ ಎಲ್ಲಾದರೂ ಹಂಚು ಸರಿದರೆ ಬೆಂಚಿನ ಮೇಲೆ ನೀರು ತೊಟ್ಟಿಕ್ಕುತ್ತಿತ್ತು. ದೇವಾಲಯದ ಆಳು ಏಣಿ ಹತ್ತಿ ಅದನ್ನು ಸರಿಮಾಡುತ್ತಿದ್ದನು. ಮುಚ್ಚಿಗೆಯಾದ ಮೇಲೆ ನೀರು ಕಾಣಿಸಲಿಲ್ಲ. ಕಾಣಿಸದಿದ್ದುದರಿಂದ ಸೋರುವುದಿಲ್ಲವೆಂದು ನಾವೆಲ್ಲರೂ ನಂಬಿದೆವು. ನಾಲ್ಕು ಮಳೆಗಾಲಗಳು ಹೀಗೆ ಕಳೆದವು. ಐದನೆಯ ವರ್ಷದ ಜುಲೈ ತಿಂಗಳಿನ ಒಂದು ರಾತ್ರಿ ಎರಡು ಪಕ್ಕಾಸುಗಳು ಮುರಿದು, ಹಂಚು ಹಲಗೆಗಳ ಸಮೇತವಾಗಿ ಎಡಗಡೆಯ ಮುಂದಿನ ಬೆಂಚುಗಳ ಮೇಲೆ ಬಿದ್ದವು. ಬೆಳಿಗ್ಗೆ ನಾನು ಹೋಗಿ ನೋಡಿದಾಗ ಮರವು ಮರವಾಗಿರಲಿಲ್ಲ. ಕೈಯಲ್ಲಿ ಹಿಡಿದರೆ ರವೆಯ ಹಾಗೆ ಉದುರುತ್ತಿತ್ತು. ಆ ಬೆಂಚುಗಳು ಶುಕ್ರವಾರದಲ್ಲಿ ನಮ್ಮ ಐದನೆಯ ಆರನೆಯ ತರಗತಿಯ ಮಕ್ಕಳು ಕೂರುವ ಬೆಂಚುಗಳು. ಅದು ಶುಕ್ರವಾರದ ಬೆಳಿಗ್ಗೆಯಾಗಿರದೆ ಬುಧವಾರದ ರಾತ್ರಿಯಾಗಿದ್ದದ್ದು ದೇವರ ಕೃಪೆಯೇ ಹೊರತು ನಮ್ಮ ಜಾಣತನವಲ್ಲ. ಅಂದಿನಿಂದ ಈ ವಿಷಯವು ನನ್ನ ಮನಸ್ಸನ್ನು ಬಿಟ್ಟಿಲ್ಲ.

ಹಳೆಯ ಕಟ್ಟಡವೊಂದನ್ನು ಕಾಪಾಡುವುದೆಂದರೇನೆಂದು ಆ ಮೇಲೆ ಬಲ್ಲವರನ್ನು ಕೇಳಿ ತಿಳಿದುಕೊಂಡೆ. ನಮ್ಮ ಕರಾವಳಿಯಲ್ಲಿ ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ; ಅದರ ಬಹುಪಾಲು ಜೂನಿನಿಂದ ಸೆಪ್ಟೆಂಬರಿನೊಳಗೆ ಸುರಿದು ಹೋಗುತ್ತದೆ. ಇಂಥ ಊರಿನಲ್ಲಿ ಕಟ್ಟಡಕ್ಕೆ ವೈರಿಯು ನೀರೇ. ಮಂಗಳೂರು ಹಂಚುಗಳು ಒಂದಕ್ಕೊಂದು ಸಿಕ್ಕಿಕೊಂಡು ಕೂರುವಂತೆ ಮಾಡಲ್ಪಟ್ಟವು; ಒಂದು ಸರಿದರೆ ಅದರ ಪಕ್ಕದ್ದಕ್ಕೂ ಹಿಡಿತ ತಪ್ಪುತ್ತದೆ. ತೆಂಗಿನ ಗರಿ ಬಿದ್ದು ಒಂದು ಹಂಚು ಒಡೆದರೆ ಅದರ ಕೆಳಗಿನ ರೀಪು ನೆನೆಯುತ್ತದೆ. ರೀಪಿನಿಂದ ಪಕ್ಕಾಸಿಗೆ, ಪಕ್ಕಾಸಿನಿಂದ ಗೋಡೆಯ ತಲೆಗೆ ನೀರು ಇಳಿಯುತ್ತದೆ. ನೆನೆದ ಮರಕ್ಕೆ ಗೆದ್ದಲು ಹತ್ತುತ್ತದೆ. ಎರಡು ಮಾಡುಗಳು ಕೂಡುವ ಸಂಧಿಯಲ್ಲಿರುವ ತಗಡಿನ ದೋಣಿಯಲ್ಲಿ ತರಗೆಲೆ ತುಂಬಿಕೊಂಡರಂತೂ ನೀರಿಗೆ ದಾರಿಯಿಲ್ಲದೆ ಅದು ಒಳಕ್ಕೇ ಹೊರಳುತ್ತದೆ. ಆದುದರಿಂದ ಪ್ರತಿ ವರ್ಷವೂ ಮೇ ತಿಂಗಳಿನಲ್ಲಿ ಹಂಚುಗಳನ್ನು ಕೈಯಾಡಿಸಿ, ಒಡೆದವುಗಳನ್ನು ಬದಲಾಯಿಸಿ, ದೋಣಿಗಳನ್ನು ತೊಳೆಯಿಸುವುದು ನಮ್ಮ ಅಜ್ಜಂದಿರ ಮನೆಗಳ ಪದ್ಧತಿಯಾಗಿತ್ತು. ಅದಕ್ಕೆ ತಗಲುವುದು ಕೆಲವು ದಿನಗಳ ಕೂಲಿ. ಅದನ್ನು ಐದು ವರ್ಷ ಬಿಟ್ಟರೆ ತಗಲುವುದು ಒಂದು ಮಾಡು.

ಗೋಡೆಯ ಕಥೆಯೂ ಹೀಗೆಯೇ. ನಮ್ಮ ಕಡೆಯ ಹಳೆಯ ದೇವಾಲಯಗಳ ಗೋಡೆಗಳು ಮುರಕಲ್ಲಿನವು. ಅವುಗಳ ಮೇಲಿನ ಗಾರೆಯು ಸುಣ್ಣದ್ದು. ಮುರಕಲ್ಲು ನೀರನ್ನು ಹೀರುವ ಕಲ್ಲು. ಸುಣ್ಣದ ಗಾರೆಯು ಆ ತೇವವು ಬೇಸಗೆಯಲ್ಲಿ ಹೊರಕ್ಕೆ ಆರಿಹೋಗುವುದಕ್ಕೆ ಅವಕಾಶ ಕೊಡುತ್ತದೆ. ಗಟ್ಟಿಯಾಗಿರುತ್ತದೆಂದು ಭಾವಿಸಿ ಅದರ ಮೇಲೆ ಸಿಮೆಂಟು ಬಳಿದು, ಹೊಳಪಿನ ಬಣ್ಣ ಹಚ್ಚಿಸಿದರೆ ತೇವವು ಒಳಗೇ ಸಿಕ್ಕಿಕೊಂಡು ಕಲ್ಲನ್ನು ಹುಡಿಮಾಡುತ್ತದೆ. ಕೆಲವು ವರ್ಷಗಳಲ್ಲಿ ಸಿಮೆಂಟಿನ ಪದರವು ಚಿಪ್ಪಿನಂತೆ ಕಳಚಿ ಬೀಳುತ್ತದೆ. ಸುಣ್ಣದ ಕೆಲಸ ಬಲ್ಲ ಗಾರೆಯವರು ಈಗ ವಿರಳ. ಆದರೂ ಹುಡುಕಿದರೆ ಸಿಕ್ಕುತ್ತಾರೆ. ಹೆಚ್ಚು ಹಣದ ಕೆಲಸವೇ ಹೆಚ್ಚು ಒಳ್ಳೆಯ ಕೆಲಸವೆಂಬುದು ಕಟ್ಟಡದ ವಿಷಯದಲ್ಲಿ ಸುಳ್ಳೆಂದು ಇದರಿಂದ ಕಾಣುತ್ತದೆ.

ಹಾಗಾದರೆ ಇಷ್ಟು ಸುಲಭವಾದ ಕೆಲಸವನ್ನು ನಾವು ಏಕೆ ಮಾಡಲಿಲ್ಲ? ನಾವು ಬಡವರಾಗಿದ್ದೆವೆಂದಲ್ಲ. ನಮ್ಮ ಸಭೆಯ ಹಿಂದಿನ ಹತ್ತು ವರ್ಷಗಳ ಜಮಾ-ಖರ್ಚಿನ ಪುಸ್ತಕಗಳನ್ನು ಅನುಮತಿ ಪಡೆದು ತಿರುವಿ ನೋಡಿದೆ. ದುರಸ್ತಿ ಎಂಬ ತಲೆಬರಹದ ಕೆಳಗೆ ವರ್ಷ ವರ್ಷವೂ ಇದ್ದದ್ದು ಹಬ್ಬದ ಮುಂಚಿನ ಬಣ್ಣ ಮಾತ್ರ. ಧ್ವನಿವರ್ಧಕಕ್ಕೆ, ದೀಪಾಲಂಕಾರಕ್ಕೆ, ಭೋಜನಕ್ಕೆ ಹಣವಿತ್ತು. ಮಾಡಿಗೆಂದು ಬೇರೆಯಾಗಿ ತೆಗೆದಿಟ್ಟ ಒಂದು ರೂಪಾಯಿಯೂ ಇರಲಿಲ್ಲ. ವರ್ಷದ ಕೊನೆಯಲ್ಲಿ ಉಳಿದ ಶಿಲ್ಕನ್ನು ಓದಿ ಹೇಳಿ ಚಪ್ಪಾಳೆ ತಟ್ಟುತ್ತಿದ್ದೆವು. ಆ ಶಿಲ್ಕು ಉಳಿತಾಯವಾಗಿರಲಿಲ್ಲ. ಮಾಡಿಗೆ ನಾವು ಕೊಡಬೇಕಾಗಿದ್ದ ಸಾಲವಾಗಿತ್ತು.

ಈ ಅಭ್ಯಾಸಕ್ಕೆ ಹಳೆಯ ಬೇರೊಂದಿದೆ. 1834ರಲ್ಲಿ ಬಾಸೆಲ್ ಮಿಶನಿನ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ಮಂಗಳೂರಿಗೆ ಬಂದ ಕಾಲದಿಂದ ಸಭೆ, ಶಾಲೆ, ಕಾರ್ಖಾನೆಗಳು ಒಂದೇ ತಾಯಿಬೇರಿನಿಂದ ಬೆಳೆದವು. ಜಾತಿ ಮನೆಗಳನ್ನು ಕಳೆದುಕೊಂಡು ಬಂದವರಿಗೆ ನೇಯ್ಗೆಯೂ 1860ರ ದಶಕದಿಂದ ಹಂಚಿನ ಕೆಲಸವೂ ಅನ್ನವನ್ನು ಕೊಟ್ಟವು; ಆ ಹಂಚುಗಳೇ ನಮ್ಮ ದೇವಾಲಯದ ತಲೆಯ ಮೇಲಿವೆ. ಅವರ ಉಪಕಾರವನ್ನು ಮರೆಯುವವಳು ನಾನಲ್ಲ; ನನ್ನ ಅಕ್ಷರವೂ ಅಲ್ಲಿಂದಲೇ ಬಂದದ್ದು. ಆದರೆ ಮಾಡು ಸೋರಿದರೆ ಮಿಶನಿನ ದೊರೆಗಳಿಗೆ ಹೇಳಿದರಾಯಿತೆಂಬ ಭಾವನೆಯೂ ಅದರ ಸಂಗಡಲೇ ಬೆಳೆಯಿತು. 1914ರಲ್ಲಿ ಯುದ್ಧವು ಆರಂಭವಾದಾಗ ಜರ್ಮನ್ ಮಿಶನರಿಗಳು ಬಂಧನಕ್ಕೊಳಗಾಗಿ ದೇಶವನ್ನು ಬಿಡಬೇಕಾಯಿತು. ಯುದ್ಧಾನಂತರ ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟಿನ ಕೈಸೇರಿದವು. ಹೆನ್ರಿ ವೆನ್, ರೂಫಸ್ ಆಂಡರ್ಸನ್ ಎಂಬ ಮಿಶನ್ ಧುರೀಣರು ಹತ್ತೊಂಬತ್ತನೆಯ ಶತಮಾನದಲ್ಲಿಯೇ, ಸಭೆಯು ತನ್ನ ಆಡಳಿತವನ್ನೂ ತನ್ನ ಖರ್ಚನ್ನೂ ತನ್ನ ಸೇವೆಯನ್ನೂ ತಾನೇ ಹೊರಬೇಕೆಂದು ಹೇಳಿದ್ದರು. ಅವರು ಸಿದ್ಧಾಂತವಾಗಿ ಹೇಳಿದ್ದನ್ನು ಯುದ್ಧವು ಒಂದೇ ದಿನದಲ್ಲಿ ಬಲವಂತವಾಗಿ ಕಲಿಸಿತು.

1947ರ ಸೆಪ್ಟೆಂಬರ್ 27ರಂದು ಮದರಾಸಿನಲ್ಲಿ ದಕ್ಷಿಣ ಭಾರತ ಸಭೆಯು ಸ್ಥಾಪಿತವಾಯಿತು. ಸ್ಥಿರಾಸ್ತಿಗಳನ್ನು ಹೊಂದಿರುವುದಕ್ಕಾಗಿ ಟ್ರಸ್ಟ್ ಸಂಘವೊಂದು ಅದೇ ವರ್ಷ ನೋಂದಣಿಯಾಯಿತು. ಜಮೀನಿನ ಪತ್ರವು ಸಂಘದ ಹೆಸರಿನಲ್ಲಿರಬಹುದು. ಆದರೆ ಮಾಡಿನ ಮೇಲೆ ಬೀಳುವ ಮಳೆಗೆ ಆ ಪತ್ರವು ತಿಳಿಯದು. ಅದನ್ನು ತಡೆಯಬೇಕಾದವರು ಊರಿನವರೇ.

ಈಗ ಮಾಡನ್ನು ಹೊಸದಾಗಿ ಕಟ್ಟುವುದಕ್ಕೆ ಹಣ ಬೇಕು. ಮೂರು ಉಪಾಯಗಳನ್ನು ನಮ್ಮವರು ಹೇಳುತ್ತಿದ್ದಾರೆ. ಅವುಗಳನ್ನು ಒಂದೊಂದಾಗಿ ಪರಾಮರ್ಶಿಸೋಣ.

ಮೊದಲನೆಯದು, ಪರದೇಶದ ಸಹಾಯ. ಹೊರದೇಶದಿಂದ ದಾನವನ್ನು ಪಡೆಯುವುದು 2010ರ ವಿದೇಶೀ ವಂತಿಗೆ ಕಾನೂನಿಗೆ ಒಳಪಟ್ಟಿದೆ. ಅದಕ್ಕೆ ನೋಂದಣಿ ಬೇಕು. 2020ರ ತಿದ್ದುಪಡಿಯ ತರುವಾಯ ಹಣವು ದೆಹಲಿಯ ಸ್ಟೇಟ್ ಬ್ಯಾಂಕಿನ ಮುಖ್ಯ ಶಾಖೆಯ ಖಾತೆಯೊಂದಕ್ಕೇ ಮೊದಲು ಬರಬೇಕು. ಕಾನೂನಿನಂತೆ ಬರುವ ದಾನವನ್ನು ಬೇಡವೆನ್ನಲಾರೆ. ಆದರೆ ಮೇ ತಿಂಗಳಿನಲ್ಲಿ ದೋಣಿ ತೊಳೆಯುವುದಕ್ಕೆ ಪರದೇಶದ ಹಣವನ್ನು ಕಾಯುವ ಸಭೆಯು 1914ರ ಪಾಠವನ್ನು ಕಲಿಯಲಿಲ್ಲವೆಂದೇ ಹೇಳಬೇಕು.

ಎರಡನೆಯದು, ಸುಗ್ಗಿಹಬ್ಬದ ಏಲಂ. ತೆಂಗಿನಕಾಯಿ, ಬಾಳೆಗೊನೆ, ಕುಂಬಳಕಾಯಿಗಳನ್ನು ದೇವರ ಮುಂದೆ ಇಟ್ಟು, ಆರಾಧನೆಯ ತರುವಾಯ ಅಂಗಳದಲ್ಲಿ ಕೂಗಿ ಕೊಳ್ಳುವ ಸಂತೋಷವು ನನಗೂ ಪ್ರಿಯವಾದದ್ದು. ಒಂದು ಕುಂಬಳಕಾಯಿಗೆ ಇಬ್ಬರು ಗೃಹಸ್ಥರು ಹಟ ಹಿಡಿದು ಬೆಲೆಯೇರಿಸುವಾಗ ನಾವೆಲ್ಲರೂ ನಕ್ಕಿದ್ದೇವೆ. ಆದರೆ ಏಲಮಿನ ಹಣವು ಸುಗ್ಗಿಯ ಹಾಗೆಯೇ ಒಂದು ವರ್ಷ ಹೆಚ್ಚು, ಒಂದು ವರ್ಷ ಕಡಿಮೆ. ಅದನ್ನು ನಂಬಿ ಸಂಸಾರ ನಡೆಸುವ ಗೃಹಿಣಿಯು ಯಾರಿದ್ದಾಳೆ?

ಮೂರನೆಯದು, ಅಂಗಳವನ್ನು ದೀರ್ಘಾವಧಿಯ ಗೇಣಿಗೆ ಕೊಟ್ಟು ರಸ್ತೆಯ ಬದಿಯಲ್ಲಿ ಅಂಗಡಿಗಳ ಸಾಲನ್ನು ಕಟ್ಟಿಸುವುದು. ಇದನ್ನೇ ಹೆಚ್ಚಿನವರು ಮೆಚ್ಚಿಕೊಂಡಿದ್ದಾರೆ. ಬರುವ ಸಭಾ ಮಹಾಸಭೆಯಲ್ಲಿ ಇದು ಚರ್ಚೆಗೆ ಬರಲಿದೆ. ಅವರ ವಾದವು ಹುರುಳಿಲ್ಲದ್ದಲ್ಲ. ಬಾಡಿಗೆಯು ತಿಂಗಳು ತಿಂಗಳೂ ಬರುತ್ತದೆ; ಬಡವರಿಂದ ಚಂದಾ ಕೇಳಬೇಕಾಗಿಲ್ಲ; ಸಭಾಪಾಲಕರ ಸಂಬಳಕ್ಕೂ ಅನುಕೂಲವಾಗುತ್ತದೆ. ಆದರೂ ನಾನು ಇದಕ್ಕೆ ವಿರೋಧವಾಗಿದ್ದೇನೆ. ಅಂಗಳವು ಹೋದರೆ ನಮ್ಮ ಹುಡುಗಿಯರಿಗೆ ಆಡುವ ಸ್ಥಳವಿಲ್ಲವೆಂಬುದು ಒಂದು ಕಾರಣ. ದೊಡ್ಡ ಕಾರಣವು ಬೇರೆಯೇ ಇದೆ. ತನ್ನ ಕೈಯಿಂದ ಕೊಟ್ಟ ಹತ್ತು ರೂಪಾಯಿಯ ಲೆಕ್ಕವನ್ನು ಮನುಷ್ಯನು ಕೇಳುತ್ತಾನೆ. ಬಾಡಿಗೆಯಿಂದ ಬಂದ ಹತ್ತು ಸಾವಿರದ ಲೆಕ್ಕವನ್ನು ಕೇಳುವುದಿಲ್ಲ. ಯಾರೂ ಕೇಳದ ಹಣವಿರುವಲ್ಲಿ ಪಂಗಡಗಳು ಹುಟ್ಟುತ್ತವೆ, ವ್ಯಾಜ್ಯಗಳು ಹುಟ್ಟುತ್ತವೆ. ವಕೀಲರ ಮನೆಯ ಮಾಡು ಭದ್ರವಾಗುತ್ತದೆ, ದೇವಾಲಯದ ಮಾಡು ಸೋರುತ್ತಲೇ ಇರುತ್ತದೆ. ಮಾಡಿನ ಸಮಸ್ಯೆಯು ಹಣವಿಲ್ಲದ್ದರಿಂದ ಹುಟ್ಟಿದ್ದಲ್ಲ, ಗಮನವಿಲ್ಲದ್ದರಿಂದ ಹುಟ್ಟಿದ್ದು. ಬಾಡಿಗೆಯು ಹಣವನ್ನು ತಂದುಕೊಡಬಹುದು, ಗಮನವನ್ನು ತಂದುಕೊಡಲಾರದು.

ಹಾಗಾದರೆ ಮಾಡತಕ್ಕದ್ದೇನು? ಸತ್ಯವೇದದಲ್ಲಿಯೇ ಇದಕ್ಕೆ ಒಂದು ಮಾದರಿಯಿದೆ. ಅರಸನಾದ ಯೋವಾಷನು ದೇವಾಲಯದ ಜೀರ್ಣೋದ್ಧಾರಕ್ಕೆಂದು ಬರುವ ಹಣವನ್ನು ಯಾಜಕರೇ ತೆಗೆದುಕೊಂಡು ಕೆಲಸ ಮಾಡಿಸಬೇಕೆಂದು ಅಪ್ಪಣೆ ಕೊಟ್ಟಿದ್ದನು. ಅವನ ಆಳಿಕೆಯ ಇಪ್ಪತ್ತಮೂರನೆಯ ವರ್ಷದವರೆಗೂ ಒಂದು ಬಿರುಕನ್ನೂ ಮುಚ್ಚಿರಲಿಲ್ಲ. ಯಾಜಕರು ಕಳ್ಳರೆಂದು ಅಲ್ಲಿ ಹೇಳಿಲ್ಲ. ಎಲ್ಲರ ಕೆಲಸವಾದದ್ದು ಯಾರ ಕೆಲಸವೂ ಆಗಲಿಲ್ಲ, ಅಷ್ಟೇ. ಆಗ ಮುಚ್ಚಳದಲ್ಲಿ ತೂತು ಕೊರೆದ ಪೆಟ್ಟಿಗೆಯೊಂದನ್ನು ಯಜ್ಞವೇದಿಯ ಪಕ್ಕದಲ್ಲಿ, ಒಳಗೆ ಬರುವವರಿಗೆ ಬಲಗಡೆಯಲ್ಲಿ ಇಟ್ಟರು. ಪೆಟ್ಟಿಗೆ ತುಂಬಿದಾಗ ಅರಸನ ಲೇಖಕನೂ ಮಹಾಯಾಜಕನೂ ಇಬ್ಬರೂ ಕೂಡಿ ಎಣಿಸಿ, ಚೀಲಗಳಲ್ಲಿ ಕಟ್ಟಿ, ಕೆಲಸದ ಮೇಲ್ವಿಚಾರಕರ ಮೂಲಕ ಬಡಗಿಗಳಿಗೂ ಕಲ್ಲುಕುಟಿಗರಿಗೂ ಕೊಡಿಸಿದರು. ಆ ಹಣದಿಂದ ಬೆಳ್ಳಿಯ ಬಟ್ಟಲುಗಳನ್ನು ಮಾಡಿಸಲಿಲ್ಲವೆಂಬುದನ್ನೂ ವಿಶೇಷವಾಗಿ ಬರೆದಿಟ್ಟಿದ್ದಾರೆ. ಈ ಕಥೆಯನ್ನು ಸಂಡೇ ಸ್ಕೂಲಿನಲ್ಲಿ ಎಷ್ಟೋ ಸಾರಿ ಹೇಳಿಕೊಟ್ಟಿದ್ದೆ. ಹಣಕಾಸಿನ ನಾಲ್ಕು ನಿಯಮಗಳು ಅದರಲ್ಲಿ ಅಡಗಿವೆಯೆಂದು ನನಗೆ ತಿಳಿದದ್ದು ಪಕ್ಕಾಸು ಬಿದ್ದ ಮೇಲೆ. ಪೆಟ್ಟಿಗೆಯು ಬೇರೆಯಾಗಿರಬೇಕು, ಎಲ್ಲರಿಗೂ ಕಾಣುವಂತಿರಬೇಕು, ಇಬ್ಬರು ಕೂಡಿ ಎಣಿಸಬೇಕು, ಕೊಟ್ಟ ಉದ್ದೇಶಕ್ಕಲ್ಲದೆ ಬೇರೊಂದಕ್ಕೆ ಆ ಹಣವನ್ನು ಮುಟ್ಟಬಾರದು.

ಪೌಲನೂ ಇದೇ ಜಾಗ್ರತೆಯನ್ನು ತೋರಿಸಿದ್ದಾನೆ. ಯೆರೂಸಲೇಮಿನ ಬಡವರಿಗೆಂದು ಕೂಡಿಸಿದ ಹಣವನ್ನು ಅವನು ತಾನೊಬ್ಬನೇ ಒಯ್ಯದೆ, ಯಾರೂ ತಪ್ಪು ಹೊರಿಸದಂತೆ ತೀತನ ಸಂಗಡ ಸಭೆಗಳು ಆರಿಸಿದ ಸಹೋದರರನ್ನೂ ಜೊತೆಮಾಡಿದನು. ಲೆಕ್ಕ ಕೇಳುವುದು ಅಪನಂಬಿಕೆಯೆಂದು ನಮ್ಮ ಹಿರಿಯರಲ್ಲಿ ಕೆಲವರು ನೊಂದುಕೊಳ್ಳುವುದುಂಟು. ಅಪೊಸ್ತಲನಿಗೇ ಅವಮಾನವಾಗದ ವಿಷಯವು ನಮ್ಮ ಖಜಾಂಚಿಗಳಿಗೆ ಅವಮಾನವಾಗಬಾರದು. ಲೆಕ್ಕವು ಕಳ್ಳನನ್ನು ಹಿಡಿಯುವುದಕ್ಕಿಂತ ಹೆಚ್ಚಾಗಿ ಪ್ರಾಮಾಣಿಕನನ್ನು ಕಾಪಾಡುತ್ತದೆ.

ಇದನ್ನು ನಮ್ಮ ಊರಿಗೆ ಅನ್ವಯಿಸಿ ಹೇಳುತ್ತೇನೆ. ನೂರೈವತ್ತು ಮನೆಗಳಿರುವ ಒಂದು ಸಭೆಯನ್ನು ಎಣಿಸಿಕೊಳ್ಳಿರಿ. ಅನುಕೂಲವಿರುವ ನೂರು ಮನೆಗಳು ಕಟ್ಟಡದ ಪೆಟ್ಟಿಗೆಗೆಂದು ತಿಂಗಳಿಗೆ 200 ರೂಪಾಯಿಗಳನ್ನೂ, ಉಳಿದ ಐವತ್ತು ಮನೆಗಳು 50 ರೂಪಾಯಿಗಳನ್ನೂ ಕೊಟ್ಟರೆ ತಿಂಗಳಿಗೆ 22,500 ರೂಪಾಯಿಗಳು. ವರ್ಷಕ್ಕೆ 2,70,000 ರೂಪಾಯಿಗಳು. ಇದರಲ್ಲಿ ಮೂರನೆಯ ಒಂದು ಪಾಲನ್ನು ಆಯಾ ವರ್ಷದ ಹಂಚು, ದೋಣಿ, ಗೆದ್ದಲು, ವಿದ್ಯುತ್ ತಂತಿಗಳ ಕೆಲಸಕ್ಕೆ ಖರ್ಚುಮಾಡಿ, ಉಳಿದ 1,80,000 ರೂಪಾಯಿಗಳನ್ನು ಬ್ಯಾಂಕಿನಲ್ಲಿ ಬೇರೆ ಖಾತೆಯಲ್ಲಿ ಇಡಗಂಟಾಗಿ ಇಟ್ಟರೆ ಹತ್ತು ವರ್ಷಗಳಲ್ಲಿ ಬಡ್ಡಿಯಿಲ್ಲದೆಯೇ 18,00,000 ರೂಪಾಯಿಗಳಾಗುತ್ತವೆ. ಅಂಗಳವನ್ನು ಕಳೆದುಕೊಳ್ಳದೆ ಮಾಡು ಉಳಿಯುತ್ತದೆ. ಈಗ ಮುರಿದಿರುವ ಭಾಗಕ್ಕೆ ಒಂದು ಸಲದ ವಿಶೇಷ ಕಾಣಿಕೆಯು ಬೇಕಾಗುವುದು ನಿಜ. ಆದರೆ ಈ ಪೆಟ್ಟಿಗೆಯನ್ನು ಮೊದಲು ಇಟ್ಟ ಮೇಲೆಯೇ ಅದನ್ನು ಕೇಳಬೇಕು. ಇಲ್ಲವಾದರೆ ಇಪ್ಪತ್ತು ವರ್ಷಗಳ ತರುವಾಯ ಮತ್ತೊಬ್ಬ ಮುಖ್ಯೋಪಾಧ್ಯಾಯಿನಿಯು ಇದೇ ಲೇಖನವನ್ನು ಬರೆಯಬೇಕಾದೀತು.

ಹಣವಿಲ್ಲದವರು ಏನು ಮಾಡಬೇಕೆಂದು ಕೇಳುವಿರಿ. ಮಿಜೋರಾಂ ಬೆಟ್ಟಗಳ ಕ್ರೈಸ್ತ ಸ್ತ್ರೀಯರು 1910ರಿಂದ ಒಂದು ಪದ್ಧತಿಯನ್ನು ನಡೆಸಿಕೊಂಡು ಬಂದಿದ್ದಾರೆ. ಅಡಿಗೆಗೆ ಅಕ್ಕಿಯನ್ನು ಅಳೆಯುವಾಗಲೆಲ್ಲಾ ಒಂದು ಹಿಡಿಯನ್ನು ಬೇರೊಂದು ಪಾತ್ರೆಗೆ ಹಾಕುತ್ತಾರೆ. ಕೂಡಿದ ಅಕ್ಕಿಯು ಸಭೆಗೆ ಸಲ್ಲುತ್ತದೆ. ಅತ್ಯಂತ ಬಡವಳೂ ಕೊಡುವವಳಾಗುತ್ತಾಳೆ. ಯಾರು ಎಷ್ಟು ಕೊಟ್ಟರೆಂದು ಯಾರಿಗೂ ತಿಳಿಯದು. ನನ್ನ ಅಜ್ಜಿಯ ಅಡಿಗೆಮನೆಯಲ್ಲಿಯೂ ಇಂಥದೊಂದು ಹಿಡಿಯಕ್ಕಿಯ ಡಬ್ಬಿಯಿತ್ತು. ಕೊಡುವುದರ ಮಾನವು ಮೊತ್ತದಲ್ಲಿಲ್ಲವೆಂಬುದನ್ನು ಎರಡು ಕಾಸುಗಳ ವಿಧವೆಯಿಂದ ನಾವು ಬಲ್ಲೆವು.

ಇಲ್ಲಿ ಒಂದು ಕಠಿಣವಾದ ಮಾತನ್ನು ಹೇಳದೆ ಇರಲಾರೆ. ಚಂದಾ ಬಾಕಿಯಿರುವ ಮನೆಗಳ ಹೆಸರುಗಳನ್ನು ಆರಾಧನೆಯಲ್ಲಿ ಓದುವುದೂ, ಮದುವೆಗೋ ಶವಸಂಸ್ಕಾರಕ್ಕೋ ಬಂದವರ ಮುಂದೆ ಹಳೆಯ ಬಾಕಿಯ ಪಟ್ಟಿಯನ್ನು ಇಡುವುದೂ ಕೆಲವೆಡೆಗಳಲ್ಲಿ ನಡೆಯುತ್ತದೆ. ತಂದೆಯ ಶವವು ಅಂಗಳದಲ್ಲಿರುವಾಗ ಮೂರು ವರ್ಷಗಳ ಬಾಕಿಗಾಗಿ ನೆರೆಯವರಿಂದ ಸಾಲ ತೆಗೆದುಕೊಂಡ ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳನ್ನು ನಾನು ಬಲ್ಲೆ. ಆಕೆಯು ಬಾಕಿ ತೀರಿಸಿದಳು. ಅಂದಿನಿಂದ ಆ ದೇವಾಲಯಕ್ಕೆ ಕಾಲಿಡಲಿಲ್ಲ. ಹೀಗೆ ಕೂಡಿಸಿದ ಹಣದಿಂದ ಹೊದಿಸಿದ ಮಾಡಿನ ಕೆಳಗೆ ಯಾವ ಪ್ರಾರ್ಥನೆಯು ಮೇಲಕ್ಕೆ ಹೋದೀತು? ಗೋಡೆಯ ಮೇಲೆ ಅಂಟಿಸಬೇಕಾದದ್ದು ಕೊಡದವರ ಹೆಸರುಗಳನ್ನಲ್ಲ. ಬಂದ ಹಣವೆಷ್ಟು, ಹೋದ ಹಣವೆಷ್ಟು, ಉಳಿದದ್ದೆಷ್ಟು ಎಂಬ ಮೂರು ಸಾಲುಗಳನ್ನು. ಪ್ರತಿ ತಿಂಗಳಿನ ಮೊದಲನೆಯ ಭಾನುವಾರ ಆ ಕಾಗದವು ಬಾಗಿಲ ಬಳಿಯಿದ್ದರೆ, ಕೇಳದೆಯೇ ಕೊಡುವವರು ಹೆಚ್ಚುವರೆಂಬುದು ನನ್ನ ದೃಢವಾದ ನಂಬಿಕೆ.

ಉಳಿದ ನಿಯಮಗಳನ್ನು ಸಂಕ್ಷೇಪವಾಗಿ ಹೇಳುತ್ತೇನೆ. ಕಾಣಿಕೆಯನ್ನು ಆರಾಧನೆಯಾದ ಕೂಡಲೇ ದೇವಾಲಯದಲ್ಲಿಯೇ ಒಂದೇ ಮನೆಯವರಲ್ಲದ ಇಬ್ಬರು ಎಣಿಸಿ ಪುಸ್ತಕದಲ್ಲಿ ರುಜು ಹಾಕತಕ್ಕದ್ದು. ಮನೆಗೆ ಒಯ್ದು ಎಣಿಸಕೂಡದು. ಕೈಫೋನಿನ ಮೂಲಕ ಕಳುಹಿಸುವ ಹಣವು ಸಭೆಯ ಖಾತೆಗೇ ಬರಬೇಕೇ ಹೊರತು ಯಾರೊಬ್ಬರ ಸ್ವಂತ ಖಾತೆಗೂ ಬರಬಾರದು. ಖಜಾಂಚಿಯ ಹೊಣೆಯನ್ನು ಸಭಾಪಾಲಕರ ಮೇಲೆ ಹೊರಿಸಬಾರದು. ಅವರು ಎಲ್ಲರಿಗೂ ಪಾಲಕರಾಗಿರಬೇಕಾದವರು, ಬಾಕಿ ವಸೂಲಿಯವರಲ್ಲ. ಕಥೋಲಿಕ ಸಭೆಯ 1983ರ ಧರ್ಮವಿಧಿಯು ಪ್ರತಿ ಪ್ಯಾರಿಷಿನಲ್ಲಿಯೂ ಪಾದ್ರಿಗಳಿಗೆ ನೆರವಾಗುವ ಹಣಕಾಸು ಸಮಿತಿಯೊಂದು ಇರತಕ್ಕದ್ದೆಂದು ವಿಧಿಸಿದೆ. ಅದು ನಮಗೂ ಒಳ್ಳೆಯ ಮಾದರಿ. ಇಂಗ್ಲೆಂಡಿನ ಸಭೆಯವರು 1955ರಲ್ಲಿ ಒಂದು ನಿಯಮವನ್ನು ಮಾಡಿಕೊಂಡರು: ಪ್ರತಿಯೊಂದು ದೇವಾಲಯವನ್ನೂ ಐದು ವರ್ಷಗಳಿಗೊಮ್ಮೆ ಕಟ್ಟಡಶಾಸ್ತ್ರ ಬಲ್ಲವರು ಮೇಲಿನಿಂದ ಕೆಳಗಿನವರೆಗೆ ಪರೀಕ್ಷಿಸಿ ವರದಿ ಕೊಡಬೇಕು. ನಮ್ಮಲ್ಲಿಯೂ ಇಂಥ ವರದಿಯೊಂದು ಇದ್ದಿದ್ದರೆ, ಹಲಗೆಗಳ ಮುಚ್ಚಿಗೆಗೆ ನಾನು ಕೈಯೆತ್ತುತ್ತಿರಲಿಲ್ಲ. ಕೊನೆಯದಾಗಿ, ಬೆಂಚು, ಗಂಟೆ, ಪಾತ್ರೆ, ಪುಸ್ತಕಗಳ ಪಟ್ಟಿಯೂ, ಯಾವ ವರ್ಷ ಯಾವ ದುರಸ್ತಿಯಾಯಿತೆಂಬ ದಿನಚರಿಯೂ ಒಂದೇ ಕಡೆಯಲ್ಲಿರಬೇಕು. ಪಂಚಾಯತಿಯು ಬದಲಾದಾಗ ಆ ಪುಸ್ತಕವು ಬೀಗದ ಕೈಗಳ ಸಂಗಡ ಕೈಬದಲಾಗಬೇಕು.

ಈಗ ನಾನು ಹಳೆಯ ವಿದ್ಯಾರ್ಥಿನಿಯರಾದ ನಿಮ್ಮನ್ನೇ ಕುರಿತು ಮಾತನಾಡುತ್ತೇನೆ. ಸಭೆಯ ಹಬ್ಬಗಳಲ್ಲಿ ಅಡಿಗೆ ಮಾಡುವವರು ನೀವು. ಹೂವು ಕಟ್ಟುವವರು, ನೆಲ ಒರಸುವವರು, ಏಲಮಿಗೆ ಕಜ್ಜಾಯ ಕರಿಯುವವರು ನೀವು. ಲೆಕ್ಕದ ಮೇಜಿನ ಬಳಿ ನಿಮ್ಮನ್ನು ಕಾಣುವುದು ಅಪರೂಪ. ದಕ್ಷಿಣ ಭಾರತ ಸಭೆಯಲ್ಲಿ 2013ರಲ್ಲಿ ನಂದ್ಯಾಲದ ಬಿಷಪ್ ಪದವಿಗೆ ಪುಷ್ಪಲಲಿತಾ ಅವರು ಬಂದರು. ಆದರೂ ಊರಿನ ಸಭೆಯ ಖಜಾಂಚಿಯ ಸ್ಥಾನಕ್ಕೆ ಸ್ತ್ರೀಯ ಹೆಸರನ್ನು ಸೂಚಿಸಿದರೆ ಇಂದಿಗೂ ಕೆಲವರು ಮುಗುಳ್ನಗುತ್ತಾರೆ. ನಿಮ್ಮಲ್ಲಿ ಬ್ಯಾಂಕಿನ ಅಧಿಕಾರಿಗಳಿದ್ದೀರಿ, ಲೆಕ್ಕ ತಪಾಸಣೆ ಮಾಡುವವರಿದ್ದೀರಿ, ಕಟ್ಟಡಗಳ ನಕ್ಷೆ ಬರೆಯುವವರಿದ್ದೀರಿ. ಇವಾವುದೂ ಅಲ್ಲದೆ, ತಿಂಗಳ ಇಪ್ಪತ್ತೈದನೆಯ ತಾರೀಕಿನಂದು ಡಬ್ಬಿಯಲ್ಲಿ ಅಕ್ಕಿಯೆಷ್ಟಿದೆಯೆಂದು ನೋಡದೆಯೇ ಹೇಳಬಲ್ಲ ಗೃಹಿಣಿಯರಿದ್ದೀರಿ. ಸಭೆಗೆ ಬೇಕಾಗಿರುವ ವಿದ್ಯೆ ಇದೇ.

ನೆಹೆಮೀಯನು ಯೆರೂಸಲೇಮಿನ ಗೋಡೆಯನ್ನು ಕಟ್ಟಿಸಿದಾಗ ಕೆಲಸ ಮಾಡಿದವರ ದೊಡ್ಡ ಪಟ್ಟಿಯೊಂದನ್ನು ಬರೆದಿಟ್ಟಿದ್ದಾನೆ. ಅದರಲ್ಲಿ ಅಕ್ಕಸಾಲಿಗರಿದ್ದಾರೆ, ಸುಗಂಧ ದ್ರವ್ಯಗಳನ್ನು ಮಾಡುವವರಿದ್ದಾರೆ, ವರ್ತಕರಿದ್ದಾರೆ. ನಡುವೆ ಶಲ್ಲೂಮನೆಂಬವನೂ ಅವನ ಕುಮಾರ್ತೆಯರೂ ತಮ್ಮ ಪಾಲಿನ ಗೋಡೆಯನ್ನು ಜೀರ್ಣೋದ್ಧಾರ ಮಾಡಿದರೆಂದು ಇದೆ. ಆ ಹೆಣ್ಣುಮಕ್ಕಳ ಹೆಸರುಗಳು ನಮಗೆ ತಿಳಿಯವು. ಅವರು ಕೈಗೆ ಗಾರೆ ಹಚ್ಚಿಕೊಂಡದ್ದು ಮಾತ್ರ ತಿಳಿದಿದೆ.

ಬೇರೆ ಮತಗಳ ಮನೆಗಳಿಂದ ಬಂದ ಹಳೆಯ ವಿದ್ಯಾರ್ಥಿನಿಯರಿಗೂ ಪಾಲಕರಿಗೂ ಒಂದು ಮಾತು. ನಿಮ್ಮ ಊರಿನ ದೇವಸ್ಥಾನಕ್ಕೂ ಬಸದಿಗೂ ಮಸೀದಿಗೂ ಮಾಡಿದೆ, ಹುಂಡಿಯಿದೆ, ಲೆಕ್ಕವಿದೆ. ಹತ್ತು ಜನರದ್ದಾದ ಮನೆಯನ್ನು ನಡೆಸುವ ನಿಯಮಗಳು ಎಲ್ಲೆಲ್ಲಿಯೂ ಒಂದೇ. ಈ ಶಾಲೆಯಲ್ಲಿ ಕಲಿತ ಲೆಕ್ಕವು ಅಲ್ಲಿ ಉಪಯೋಗಕ್ಕೆ ಬಂದರೆ ನಮ್ಮ ಉಪಾಧ್ಯಾಯಿನಿಯರು ಪಟ್ಟ ಶ್ರಮವು ಸಾರ್ಥಕವೇ.

ಬಡವರಿಗೆ ಅನ್ನವಿಲ್ಲದಿರುವಾಗ ಕಲ್ಲು ಮರಗಳಿಗೆ ಇಷ್ಟು ಚಿಂತೆಯೇಕೆಂದು ಕೆಲವರು ಕೇಳುವರು. ಅವರ ಪ್ರಶ್ನೆಯನ್ನು ನಾನು ಗೌರವಿಸುತ್ತೇನೆ. ಆದರೆ ಕಾಲಕಾಲಕ್ಕೆ ಸಣ್ಣ ಖರ್ಚು ಮಾಡುವ ಸಭೆಗೇ ಬಡವರಿಗೆ ಕೊಡುವುದಕ್ಕೆ ಹಣ ಉಳಿಯುತ್ತದೆ; ಮಾಡು ಬಿದ್ದ ಸಭೆಯು ಹತ್ತು ವರ್ಷ ಮಾಡನ್ನೇ ಕಟ್ಟುತ್ತಿರುತ್ತದೆ. ಅರಸನಾದ ಯೋಷೀಯನ ಕಾಲದಲ್ಲಿ ಹಣವನ್ನು ಎಣಿಸಿ ಆಲಯವನ್ನು ದುರಸ್ತಿ ಮಾಡಿಸುತ್ತಿದ್ದಾಗಲೇ ಕಳೆದುಹೋಗಿದ್ದ ಧರ್ಮೋಪದೇಶದ ಗ್ರಂಥವು ಸಿಕ್ಕಿತೆಂಬುದನ್ನು ಮರೆಯದಿರೋಣ. ಕಟ್ಟಡವನ್ನು ನೋಡಿಕೊಳ್ಳುವಾಗಲೇ ಅದಕ್ಕಿಂತ ದೊಡ್ಡದನ್ನು ಅವರು ಕಂಡುಕೊಂಡರು.

ಬರುವ ಮಹಾಸಭೆಯಲ್ಲಿ ಮತ ಕೊಡುವ ಅಧಿಕಾರವಿರುವ ಸಹೋದರಿಯರೇ, ದಯವಿಟ್ಟು ಬನ್ನಿರಿ. ಅಂಗಳದ ವಿಷಯದಲ್ಲಿ ನೀವು ನನ್ನ ಅಭಿಪ್ರಾಯವನ್ನೇ ಒಪ್ಪಬೇಕೆಂದಿಲ್ಲ; ಆದರೆ ಜಮಾ-ಖರ್ಚಿನ ಪುಸ್ತಕವನ್ನು ನೋಡದೆ ಕೈಯೆತ್ತಬೇಡಿರಿ. ನಾನು ಒಮ್ಮೆ ಹಾಗೆ ಎತ್ತಿದ್ದೇನೆ. ಮೇ ತಿಂಗಳಿನ ಎರಡನೆಯ ಶನಿವಾರ ಆಳುಗಳು ಏಣಿ ಇಟ್ಟು ಹಂಚು ಕೈಯಾಡಿಸುವುದಕ್ಕೆ ಏರ್ಪಾಡಾಗಿದೆ. ಒಡೆದ ಹಂಚುಗಳನ್ನು ಎಣಿಸಿ ಬರೆದುಕೊಳ್ಳುವ ಕೆಲಸವನ್ನು ನಮ್ಮ ಒಂಬತ್ತನೆಯ ತರಗತಿಯ ಹುಡುಗಿಯರು ಕೆಳಗೆ ನಿಂತು ಮಾಡುವರು. ಅವರ ಸಂಗಡ ನಿಲ್ಲುವುದಕ್ಕೆ ದೊಡ್ಡವರೂ ಕೆಲವರು ಬೇಕಾಗಿದ್ದಾರೆ.